ಕಿಸೆಗೊಂದು ಮೋಡೆಮ್

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಭಾವಮೈದುನ ಸಕಲೇಶಪುರದ ವಸತಿಗೃಹವೊಂದರಿಂದ ಫೋನು ಮಾಡಿದ. ನೀರೆತ್ತುವ ಪಂಪುಗಳನ್ನು ಮಾರುವ ಸಣ್ಣ ವ್ಯಾಪಾರ ಅವನದು. ತಿಂಗಳಲ್ಲಿ ಹದಿನೈದು ದಿನ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ಊರೂರು ಅಲೆಯುತ್ತಾನೆ. “ಭಾವ, ಟೆಂಡರು ಕೈತಪ್ಪಿತು” ಎಂದ. ಆರು ತಿಂಗಳ ಓಡಾಟದ ಕಾಗದಪತ್ರಗಳು ನಾಲ್ಕು ಗಂಟೆಗೆ ಮುಚ್ಚಿದ ಬಾಗಿಲಿನ ಹೊರಗೇ ಉಳಿದಿದ್ದವು.

ನಡೆದದ್ದಿಷ್ಟು. ಹೊರಡುವ ಮುನ್ನ ಆತ ಅಂಗಡಿಯೊಂದರಲ್ಲಿ ಅಗ್ಗದ ಬೆಲೆಗೆ ಡಾಂಗಲ್ ಒಂದನ್ನು ಕೊಂಡಿದ್ದ. ಲ್ಯಾಪ್‌ಟಾಪಿನ ಪಕ್ಕಕ್ಕೆ ಸಿಕ್ಕಿಸುವ, ಬೆರಳುದ್ದದ ಮೋಡೆಮ್ ಅದು. ತನ್ನ ಫೋನಿನ ಪುಟಾಣಿ ಸಿಮ್ಮನ್ನು ತೆಗೆದು, ಚೌಕಟ್ಟು ಕಟ್ಟಿ, ಡಾಂಗಲಿನ ದೊಡ್ಡ ಬಾಯಿಗೆ ತೂರಿಸಿದ. ದೀಪ ಹತ್ತಿತು, ಸಂಪರ್ಕವೂ ಬಂದಿತು. ಆದರೆ ಹನ್ನೆರಡು ಮೆಗಾಬೈಟಿನ ಕಡತ ಆಮೆಯ ನಡಿಗೆಯಲ್ಲಿ ಸಾಗತೊಡಗಿತು. ಸಿಮ್ಮನ್ನು ಫೋನಿಗೇ ಮರಳಿಸೋಣವೆಂದರೆ ಚೌಕಟ್ಟು ಒಳಗೇ ಕಚ್ಚಿಕೊಂಡು ಬಿಟ್ಟಿತ್ತು. ಪಿನ್ನಿನಿಂದ ಕೆದಕಿ ಹೊರತೆಗೆಯುವಷ್ಟರಲ್ಲಿ ಹೊತ್ತು ಮೀರಿತು.

ಊರಿಗೆ ಬಂದವನೇ ಆ ಡಾಂಗಲನ್ನು ನನ್ನ ಮೇಜಿನ ಮೇಲಿಟ್ಟು, “ನೀವು ಕನ್ನಡ ಮೇಷ್ಟ್ರು, ನಿಜ. ಆದರೂ ಇದೇಕೆ ಹೀಗಾಯಿತು ಹೇಳಿ” ಎಂದ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಶೃಂಗೇರಿ ಸೀಮೆಯ ನಮ್ಮ ಹಳ್ಳಿಯ ಅಟ್ಟದಿಂದ ಪಾಠ ಹೇಳಿದವನು ನಾನು. ಆಗ ಕಲಿತ ವಿದ್ಯೆ ಈಗ ನೆರವಿಗೆ ಬಂದಿತು. ಡಾಂಗಲಿನ ಬೆನ್ನ ಮೇಲೆ 7.2 ಎಂಬ ಅಂಕೆ ಅಚ್ಚಾಗಿತ್ತು. ರೋಗವಿದ್ದುದು ಅಲ್ಲಿಯೇ. ಸೆಕೆಂಡಿಗೆ 7.2, 14.4 ಅಥವಾ 21.6 ಮೆಗಾಬಿಟ್ ಎಂದು ಬರೆದಿದ್ದರೆ ಅದು 3ಜಿ ಕಾಲದ ವಸ್ತು. ಜಿಯೋ 2016ರಲ್ಲಿ ಆರಂಭವಾದದ್ದೇ 4ಜಿಯಿಂದ. ಏರ್‌ಟೆಲ್ ತನ್ನ 3ಜಿ ಸೇವೆಯನ್ನು 2020ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿತು. 3ಜಿ ಸಿಗದೆಡೆ ಇಂಥ ಡಾಂಗಲ್ ಹಳೆಯ 2ಜಿಯ ಕಾಲುದಾರಿಗೆ ಇಳಿಯುತ್ತದೆ. ಆ ದಾರಿಯಲ್ಲಿ ಹನ್ನೆರಡು ಮೆಗಾಬೈಟು ಸಾಗಲು ಅರ್ಧ ಗಂಟೆಗೂ ಮಿಕ್ಕಿ ಬೇಕಾದೀತು. ನೆಟ್ಟಗಿರುವ 4ಜಿಯಲ್ಲಿ ಅರ್ಧ ನಿಮಿಷ ಸಾಕು. ಸಿ.ಡಿ.ಎಂ.ಎ. ಜಾತಿಯ ಡಾಂಗಲುಗಳ ಕಥೆ ಇನ್ನೂ ಶೋಚನೀಯ. ನಮ್ಮ ದೇಶದಲ್ಲಿ ಆ ಸೇವೆಯೇ ನಿಂತು ವರ್ಷಗಳಾದವು.

ಇಂದು ಕೊಳ್ಳುವವರು 4ಜಿಗಿಂತ ಕೆಳಗಿನದನ್ನು ಮುಟ್ಟಬಾರದು. ಸಾಮಾನ್ಯ 4ಜಿ ಮೋಡೆಮ್‌ಗಳ ಪೆಟ್ಟಿಗೆಯ ಮೇಲೆ 150 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಇಳಿಸಿಕೊಳ್ಳುವ ವೇಗ, ಅದೂ ಕಾಗದದ ಮೇಲಿನದು. ಏರಿಸುವ ವೇಗ 50 ಮಾತ್ರ. ಸಿನಿಮಾ ನೋಡುವವನಿಗೆ ಇಳಿತ ಮುಖ್ಯವಾದರೆ ಲೆಕ್ಕಪತ್ರ, ಟೆಂಡರು ಕಳುಹಿಸುವವನಿಗೆ ಏರಿಕೆಯೇ ಮುಖ್ಯ. ಆದ್ದರಿಂದ ಸಣ್ಣಕ್ಷರದಲ್ಲಿರುವ ಎರಡನೆಯ ಅಂಕೆಯನ್ನೂ ಹುಡುಕಿ ಓದಬೇಕು. 5ಜಿ ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಬಂದಿತು. ಆದರೆ ಆ ಬಗೆಯ ಪುಟ್ಟ ಮೋಡೆಮ್‌ಗಳು ದುಬಾರಿ. ಊರೂರು ಅಲೆಯುವ ವ್ಯಾಪಾರಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಅಮೆರಿಕದಲ್ಲಿರುವ ನೆಂಟರು ಪ್ರೀತಿಯಿಂದ ತಂದುಕೊಡುವ ಮೋಡೆಮ್‌ಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ರೇಡಿಯೋದಲ್ಲಿ ಒಂದೊಂದು ನಿಲಯಕ್ಕೆ ಒಂದೊಂದು ಸ್ಥಾನವಿರುವಂತೆ ಇಲ್ಲಿಯೂ ತರಂಗಗಳ ಪಟ್ಟಿಗಳಿವೆ. ನಮ್ಮ 4ಜಿ ಹೆಚ್ಚಾಗಿ ನಡೆಯುವುದು 850, 900, 1800, 2100, 2300 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ. ಅಲ್ಲಿ ಬಳಕೆಯಲ್ಲಿರುವ 1700ರ ಪಟ್ಟಿ ಇಲ್ಲಿಲ್ಲ. 850, 900ರ ತರಂಗಗಳು ದೂರಕ್ಕೆ ಹರಿಯುತ್ತವೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತವೆ. ಮಲೆನಾಡಿನಲ್ಲಿ ಸುತ್ತುವವರ ಮೋಡೆಮ್‌ಗೆ ಇವು ಬರಲೇಬೇಕು. ಕಂಪನಿಗಳು ತಾವೇ ಮಾರುವ ಮೋಡೆಮ್‌ಗಳು ಅಗ್ಗವಾದರೂ ಎಷ್ಟೋ ಬಾರಿ ಆ ಕಂಪನಿಯ ಸಿಮ್ಮಿಗೆ ಮಾತ್ರ ಒಲಿಯುತ್ತವೆ. ಒಂದೂರಿನಲ್ಲಿ ಒಂದು ಕಂಪನಿ, ಇನ್ನೊಂದೂರಿನಲ್ಲಿ ಮತ್ತೊಂದು ಎನ್ನುವಂಥ ನಮ್ಮ ಸೀಮೆಯಲ್ಲಿ ಯಾವ ಸಿಮ್ಮನ್ನಾದರೂ ಒಪ್ಪುವ ಮೋಡೆಮ್‌ಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ರೂಪದ ಮಾತು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಕಡ್ಡಿ ಒಂದು ಬಗೆ. ತನ್ನದೇ ಬ್ಯಾಟರಿಯುಳ್ಳ, ವೈ-ಫೈ ಬೀರುವ ಬೆಂಕಿಪೆಟ್ಟಿಗೆಯಂಥದು ಇನ್ನೊಂದು. ಕಡ್ಡಿ ಲ್ಯಾಪ್‌ಟಾಪಿನ ವಿದ್ಯುತ್ತನ್ನೇ ಕುಡಿಯುತ್ತದೆ. ಕೆಲವು ಕಡ್ಡಿಗಳಂತೂ ಸಿಕ್ಕಿಸಿದೊಡನೆ ಒಂದು ಸಿ.ಡಿ.ಯಂತೆ ನಟಿಸಿ, ತಮ್ಮ ತಂತ್ರಾಂಶವನ್ನು ಮೊದಲು ಸ್ಥಾಪಿಸಿರೆಂದು ಹಟ ಹಿಡಿಯುತ್ತವೆ. ಕಛೇರಿಯ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಅಪ್ಪಣೆ ಇರುವುದು ಅಪರೂಪ. ನನ್ನ ಮತವನ್ನು ಕೇಳಿದರೆ ಪೆಟ್ಟಿಗೆಯೇ ವಾಸಿ. ವಸತಿಗೃಹಗಳಲ್ಲಿ ಮೇಜು ಮೂಲೆಯಲ್ಲಿರುತ್ತದೆ, ಸಿಗ್ನಲ್ಲು ಕಿಟಕಿಯಲ್ಲಿರುತ್ತದೆ. ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು ಮೇಜಿನ ಬಳಿ ಕೂರಬಹುದು. ತಂದ ದಿನವೇ ಅದರ ಗುಪ್ತಪದವನ್ನು ಬದಲಾಯಿಸಬೇಕು. ಕಾರ್ಖಾನೆಯಲ್ಲಿಟ್ಟ ಪದವನ್ನು ಊರೆಲ್ಲ ಬಲ್ಲುದು. ವ್ಯಾಪಾರಿಗಳಿಗೆಂದೇ ಮಾಡಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೋಡೆಮ್ ಒಳಗೇ ಅಡಗಿರುತ್ತದೆ. ಸೊಗಸಾದ ವ್ಯವಸ್ಥೆ ಅದು, ಆದರೆ ಕೊಳ್ಳುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು. ಅದರ ಆಂಟೆನಾ ತಂತಿಗಳು ಸಾಮಾನ್ಯವಾಗಿ ಪರದೆಯ ಸುತ್ತ ಹುದುಗಿರುವುದರಿಂದ ಆಮೇಲೆ ಸೇರಿಸುವುದು ಸುಲಭವಲ್ಲ.

“ಇಷ್ಟೆಲ್ಲ ಏಕೆ? ಫೋನಿನ ಹಾಟ್‌ಸ್ಪಾಟ್ ಸಾಲದೇ?” ಎಂದು ನನ್ನ ಮಡದಿ ಒಳಗಿನಿಂದ ಕೇಳಿದಳು. ವಾರಕ್ಕೊಮ್ಮೆ ನಾಲ್ಕು ಪತ್ರ ಕಳುಹಿಸುವವರಿಗೆ ಧಾರಾಳವಾಗಿ ಸಾಕು. ಫೋನನ್ನು ತಂತಿಯಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿದರೆ ಬ್ಯಾಟರಿಯೂ ಬೇಗ ಇಳಿಯದು. ಆದರೆ ದಿನವಿಡೀ ಕೆಲಸವಿದ್ದರೆ ಫೋನು ಕಾದ ಹಂಚಾಗುತ್ತದೆ. ಗಿರಾಕಿಯ ಕರೆ ಬಂದು ಅದನ್ನೆತ್ತಿಕೊಂಡು ಅಂಗಳಕ್ಕೆ ನಡೆದರೆ ಸಂಪರ್ಕವೂ ಹಿಂದೆಯೇ ನಡೆದುಬಿಡುತ್ತದೆ.

ಭಾವಮೈದುನ ಈಗ 4ಜಿಯ ಪೆಟ್ಟಿಗೆಯೊಂದನ್ನು ಕೊಂಡಿದ್ದಾನೆ. ಅದಕ್ಕೆ ಬೇರೆಯೇ ಸಿಮ್ ಕೊಳ್ಳಬೇಕೆಂದು ನಾನು ಹಟ ಹಿಡಿದೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಮೋಡೆಮ್‌ಗೆ ಹಾಕಿದರೆ ಓ.ಟಿ.ಪಿ. ಫೋನಿಗೆ ಬಾರದೆ ಮೋಡೆಮ್‌ನ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಹೋದ ತಿಂಗಳು ಆತ ಮಡಿಕೇರಿಯ ಬಳಿಯಿಂದ ಮತ್ತೊಂದು ಟೆಂಡರಿನ ಕಾಗದಗಳನ್ನು ಮಧ್ಯಾಹ್ನ ಹನ್ನೆರಡಕ್ಕೇ ಕಳುಹಿಸಿದ. ಫಲಿತಾಂಶ ಇನ್ನೂ ಬಂದಿಲ್ಲ. ಹಳೆಯ ಡಾಂಗಲಿನಲ್ಲಿ ಸಣ್ಣ ಮೆಮೊರಿ ಕಾರ್ಡಿಗೆ ಒಂದು ಕಂಡಿಯಿತ್ತು. ಅದು ಈಗ ನನ್ನ ಮಗಳ ಪಾಲಿಗೆ ಬಂದು, ಅವಳ ಚಿತ್ರಗಳನ್ನು ಕಾಯುತ್ತಿದೆ.