ಹತ್ತಿದವರಿಗೇ ಗೊತ್ತು ಗುಡ್ಡದ ಗುಣ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಭೂಮಿಯಲ್ಲಿ ನಿಂತರೆ ಕಣ್ಣು ಹಾಯುವವರೆಗೂ ಹೊಲವೇ ಹೊಲ. ಕಡಲೆ, ಜೋಳ, ಹತ್ತಿ, ಹೆಸರು ಬೆಳೆಯುವ ಈ ಬಯಲಿನ ಮಕ್ಕಳಿಗೆ ಗುಡ್ಡವೆಂದರೆ ಸಾಮಾನ್ಯವಾಗಿ ಜಾತ್ರೆಯ ನೆನಪು. ಹುಣ್ಣಿಮೆಗೆ ಹಿರಿಯರೊಡನೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದರೆ ಆಯಿತು. ಮತ್ತೆ ಶಾಲೆ, ಟ್ಯೂಷನ್, ಪರೀಕ್ಷೆ. ಆದರೆ ದೇವರ ದರ್ಶನಕ್ಕೆಂದು ಹತ್ತುವ ಗುಡ್ಡ ದಣಿದ ಮನಸ್ಸಿಗೂ ಒಳ್ಳೆಯದು ಎಂಬುದನ್ನು ಈಗ ವೈದ್ಯವಿಜ್ಞಾನವೂ ಗಮನಿಸತೊಡಗಿದೆ.

ಮಕ್ಕಳ ಮನಸ್ಸು ದಣಿಯಲು ಕಾರಣಗಳಿಗೇನೂ ಕೊರತೆಯಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಚಿಂತೆ ಒಂದು ಕಡೆ. ಮಳೆ ಕೈಕೊಟ್ಟ ವರ್ಷ ಅಪ್ಪನ ಮುಖ ನೋಡಿಯೇ ಮನೆಯ ಸಾಲದ ಲೆಕ್ಕ ಹಾಕುವ ಹುಡುಗರು ಹಳ್ಳಿಗಳಲ್ಲಿ ಇದ್ದಾರೆ. ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ಪದೇ ಪದೇ ಬರುವ ತಲೆನೋವು, ಹತ್ತದ ನಿದ್ದೆ, ಊಟ ಬೇಡವೆನ್ನುವುದು, ಸಣ್ಣ ಮಾತಿಗೂ ಸಿಡುಕು, ಇವೇ ಅವರ ಮಾತು. ಜಗತ್ತಿನಲ್ಲಿ 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹತ್ತುವಾಗ ಏನಾಗುತ್ತದೆ?

ಚಿಂತೆಯ ದೊಡ್ಡ ಗುಣವೆಂದರೆ ಗಾಣದ ಎತ್ತಿನಂತೆ ಒಂದೇ ಕಡೆ ಸುತ್ತುವುದು. ‘ಫೇಲಾದರೆ?’ ಎಂಬ ಒಂದೇ ಪ್ರಶ್ನೆ ರಾತ್ರಿಯಿಡೀ ತಿರುಗುತ್ತದೆ. ಏರು ದಾರಿಯಲ್ಲಿ ಈ ಸುತ್ತಾಟಕ್ಕೆ ಬಿಡುವು ಸಿಗುತ್ತದೆ. ಕಾಲಿಡುವ ಕಲ್ಲು ಅಲುಗುತ್ತದೆಯೇ, ಉಸಿರು ಸಾಲುತ್ತದೆಯೇ ಎಂದು ನೋಡುತ್ತಲೇ ಹೆಜ್ಜೆ ಹಾಕಬೇಕು. ಎದೆಬಡಿತ ಏರಿ, ಬೆವರು ಹರಿದು, ಮೈ ಹದವಾಗಿ ದಣಿಯುತ್ತದೆ. ಮುಂಜಾನೆಯ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ನಿದ್ದೆ ಬಂದರೆ ಅರ್ಧ ಚಿಂತೆ ಇಳಿದಂತೆಯೇ.

ಇನ್ನೊಂದು ಲಾಭವೂ ಇದೆ. ಬುಡದಲ್ಲಿ ನಿಂತು ನೋಡಿದರೆ ‘ಇದು ನನ್ನಿಂದಾಗದು’ ಎನಿಸುತ್ತದೆ. ಆ ಮರದವರೆಗೆ, ಈ ಬಂಡೆಯವರೆಗೆ ಎಂದು ತುಂಡು ಮಾಡಿಕೊಂಡರೆ ತುದಿ ಸಿಗುತ್ತದೆ. ಇಡೀ ಪಠ್ಯಪುಸ್ತಕ ನೋಡಿ ಕಂಗಾಲಾಗುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಉಪದೇಶಕ್ಕಿಂತ ಹೆಚ್ಚಾಗಿ ತಾನೇ ಮಾಡಿ ಮುಗಿಸಿದ ಕೆಲಸದಿಂದ ಹುಟ್ಟುತ್ತದೆ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದ್ದರು.

ಸಂಶೋಧನೆಯ ಮಾತು

ಆಸ್ಟ್ರಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೇರವಾಗಿ ಗುಡ್ಡ ಹತ್ತುವುದನ್ನೇ ಪರೀಕ್ಷಿಸಿತು. ತೀವ್ರ ಹತಾಶೆಯಲ್ಲಿದ್ದ 20 ಮಂದಿ 9 ವಾರ ತರಬೇತುದಾರರೊಡನೆ ಬೆಟ್ಟದ ದಾರಿಯಲ್ಲಿ ನಡೆದರು. ಅವರ ಹತಾಶೆ ಮತ್ತು ಖಿನ್ನತೆ ತಗ್ಗಿದ್ದು ಕಂಡುಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2015ರ ಅಧ್ಯಯನದಲ್ಲಿ, ಗಿಡಮರಗಳ ನಡುವೆ 90 ನಿಮಿಷ ನಡೆದವರಲ್ಲಿ ಒಂದೇ ಚಿಂತೆಯನ್ನು ಮೆಲುಕು ಹಾಕುವುದು ಕಡಿಮೆಯಾಯಿತು. ವಾಹನ ತುಂಬಿದ ರಸ್ತೆಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಇವೆರಡೂ ಸಣ್ಣ ಅಧ್ಯಯನಗಳು. ಆದರೆ 2024ರಲ್ಲಿ 218 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೂ ನಡಿಗೆ, ಓಟ, ಯೋಗದಂಥ ವ್ಯಾಯಾಮ ಖಿನ್ನತೆಯನ್ನು ತಗ್ಗಿಸಬಲ್ಲದೆಂದು ತೋರಿಸಿತು.

ಹತ್ತಿರದ ಗುಡ್ಡಗಳು

ಇದಕ್ಕೆ ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಜಮಖಾನೆಗೂ ಅಜಾತ ನಾಗಲಿಂಗಸ್ವಾಮಿಗಳ ಮಠಕ್ಕೂ ಹೆಸರಾದ ನವಲಗುಂದದ ಊರಿಗೇ ಅಂಟಿಕೊಂಡು ಗುಡ್ಡವಿದೆ. ನವಿಲುಗಳ ಗುಡ್ಡವೆಂಬುದರಿಂದಲೇ ಊರಿಗೆ ಆ ಹೆಸರು ಬಂತೆನ್ನುತ್ತಾರೆ. ಅದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ನರಗುಂದ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬರ ಕೋಟೆ ಅಲ್ಲಿನ ಗುಡ್ಡದ ಮೇಲಿದೆ; ಇತಿಹಾಸದ ಪಾಠವೂ ಆದೀತು. ಕುಂದಗೋಳದವರಿಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ದೂರವಲ್ಲ. ಅಣ್ಣಿಗೇರಿಯವರು ರೈಲು ಹತ್ತಿದರೆ ಗದಗ. ಅಲ್ಲಿಂದ ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡಕ್ಕೆ ಹೋಗಬಹುದು. ಅದು 2019ರಿಂದ ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡೇ ಹೊರಡಬೇಕು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯವರಿಗಂತೂ ಏರು ತಗ್ಗಿನ ದಾರಿ ಮನೆ ಬಾಗಿಲಲ್ಲೇ ಇದೆ.

ಪಾಲಕರೂ ಜೊತೆಗಿರಲಿ

ಮಕ್ಕಳನ್ನು ಒಬ್ಬರೇ ಕಳಿಸಬಾರದು. ತಂದೆ, ತಾಯಿ, ಕಾಕಾ, ಮಾಮಾ ಯಾರಾದರೂ ಜೊತೆಗಿರಲಿ. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ತಾನಾಗಿ ಬರುತ್ತದೆ. ಆ ಹೊತ್ತಿನಲ್ಲಿ ಅಂಕಗಳ ವಿಚಾರಣೆ, ಪಕ್ಕದ ಮನೆಯ ಹುಡುಗನ ಹೋಲಿಕೆ, ಎರಡೂ ಬೇಡ. ಮಗ ಅಥವಾ ಮಗಳು ಏನಾದರೂ ಹೇಳಿದರೆ ಕೇಳಿಸಿಕೊಂಡರೆ ಸಾಕು. ತಕ್ಷಣ ಬುದ್ಧಿ ಹೇಳಬೇಕಿಲ್ಲ. ‘ಗುಡ್ಡಕ್ಕ ಹೋದ್ರ ಓದೋದು ಯಾವಾಗ?’ ಎಂಬುದು ಹಲವರ ಚಿಂತೆ. ವಾರಕ್ಕೊಮ್ಮೆ ಎರಡು ತಾಸು ನಡೆದು ಬಂದರೆ ಓದಿಗೆ ನಷ್ಟವಿಲ್ಲ. ದಣಿದ ತಲೆಯಲ್ಲಿ ಪುಸ್ತಕದ ಮುಂದೆ ಕೂತ ನಾಲ್ಕು ತಾಸಿಗೆ ಫಲವೂ ಕಡಿಮೆ.

ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಇಳಿದುಬಿಡಬೇಕು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಉತ್ತಮ. ನೀರು, ಟೊಪ್ಪಿಗೆ, ಹಿಡಿತವುಳ್ಳ ಬೂಟು, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ಮಾತಾಡುತ್ತ ಹತ್ತುವಷ್ಟೇ ವೇಗವಿರಲಿ. ತುದಿಯಲ್ಲಿ ನಿಂತು ಸೆಲ್ಫಿಗೆ ಸಾಹಸ ಬೇಡ. ಅಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ವೈದ್ಯರಿಗೆ ಬದಲಿ ಅಲ್ಲ

ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಮಗು ಎಲ್ಲರಿಂದ ದೂರ ಸರಿಯುತ್ತಿದ್ದರೆ ಗುಡ್ಡವನ್ನೇ ನಂಬಿ ಕೂರಬಾರದು. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 1845ರಷ್ಟು ಹಳೆಯ ಚರಿತ್ರೆಯುಳ್ಳ, ಡಿಮ್ಹಾನ್ಸ್ ಎಂದೇ ಪರಿಚಿತವಾದ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದಲ್ಲೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಳ್ಳಿಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾಚದ ನಾವು ಮನಸ್ಸಿನ ನೋವಿಗೆ ನಾಚುವುದೇಕೆ?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಹತ್ತಿರ ಹೋದಾಗ ಕಲ್ಲುಮುಳ್ಳು ಕಾಣುವುದು ನಿಜ. ಅವುಗಳ ನಡುವೆ ದಾರಿ ಇರುವುದು ಕಾಣುವುದೂ ಹತ್ತಿರ ಹೋದಾಗಲೇ. ಬರುವ ರವಿವಾರ ಮಕ್ಕಳನ್ನು ಕರೆದುಕೊಂಡು ಹತ್ತಿರದ ಗುಡ್ಡಕ್ಕೆ ಹೊರಡಬಹುದು. ಅಂಕಪಟ್ಟಿ ಮನೆಯಲ್ಲೇ ಇರಲಿ.