ರಾಕೆಟ್ಟನ್ನು ಜೊತೆಗೂಡಿಸಿಕೊಂಡ ಜೆಟ್ ವಿಮಾನ

ಗಂಟೆಗೆ 900 ಕಿಲೋಮೀಟರ್ ವೇಗದಿಂದ ಬರುವ ಬಾಂಬರ್ ವಿಮಾನವು ಒಂದು ನಿಮಿಷಕ್ಕೆ 15 ಕಿಲೋಮೀಟರ್ ದೂರವನ್ನು ಕ್ರಮಿಸುತ್ತದೆ. ನಗರವೊಂದರಿಂದ 150 ಕಿಲೋಮೀಟರ್ ದೂರದಲ್ಲಿ ರೇಡಾರ್ ಅದನ್ನು ಗುರುತಿಸಿತೆಂದು ಭಾವಿಸೋಣ. ಆಗ ರಕ್ಷಣೆಗೆ ಉಳಿಯುವ ಕಾಲ ಕೇವಲ 10 ನಿಮಿಷ. ಅಷ್ಟರೊಳಗೆ ಕಾವಲಿನ ವಿಮಾನವು ನೆಲವನ್ನು ಬಿಟ್ಟು, ಸುಮಾರು 15,000 ಮೀಟರ್ ಎತ್ತರಕ್ಕೇರಿ, ಶತ್ರುವನ್ನು ಅಡ್ಡಗಟ್ಟಬೇಕು. ಈ ಕಾರ್ಯಕ್ಕಾಗಿಯೇ ರಚಿತವಾದ ವಿಮಾನಕ್ಕೆ ‘ಇಂಟರ್‌ಸೆಪ್ಟರ್’ ಎಂದು ಹೆಸರು. 1949ರಲ್ಲಿ ಸೋವಿಯತ್ ಒಕ್ಕೂಟವು ಪರಮಾಣು ಬಾಂಬನ್ನು ಸ್ಫೋಟಿಸಿದ ಮೇಲೆ ಬ್ರಿಟನ್ನಿಗೆ ಇದು ಅಳಿವು ಉಳಿವಿನ ಲೆಕ್ಕವಾಯಿತು. ಒಂದೇ ಬಾಂಬರ್ ತಪ್ಪಿಸಿಕೊಂಡು ಬಂದರೂ ಒಂದು ನಗರವೇ ನಾಶವಾಗಬಹುದಾಗಿತ್ತು.

ಬೇಗನೆ ಮೇಲೇರುವುದು ಜೆಟ್ ಎಂಜಿನ್ನಿಗೆ ಏಕೆ ಕಷ್ಟ? ಅದು ಹೊರಗಿನ ಗಾಳಿಯನ್ನು ಒಳಗೆಳೆದು, ಒತ್ತಿ, ಅದರಲ್ಲಿ ಇಂಧನವನ್ನು ಉರಿಸಿ, ಬಿಸಿಯಾದ ಅನಿಲವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅದರ ಪ್ರತಿಕ್ರಿಯೆಯಿಂದ ವಿಮಾನವು ಮುಂದಕ್ಕೆ ನೂಕಲ್ಪಡುತ್ತದೆ. ಆದರೆ 15,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದರ ಸುಮಾರು ಆರರಲ್ಲಿ ಒಂದು ಪಾಲು ಮಾತ್ರ. ಏರುತ್ತ ಹೋದಂತೆ ಎಂಜಿನ್ನಿಗೆ ಉಸಿರು ಸಾಲದಾಗುತ್ತದೆ. ರಾಕೆಟ್ಟಾದರೋ ತನಗೆ ಬೇಕಾದ ಆಮ್ಲಜನಕವನ್ನು ಬುತ್ತಿಯಂತೆ ತಾನೇ ಹೊತ್ತೊಯ್ಯುತ್ತದೆ. ಆದರೆ ಬುತ್ತಿಯು ಕೆಲವೇ ನಿಮಿಷಗಳಲ್ಲಿ ತೀರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಹಾರಿಸಿದ ‘ಮೆಸ್ಸರ್‌ಸ್ಮಿಟ್ 163’ ರಾಕೆಟ್ ವಿಮಾನವು ಇಂಧನ ಮುಗಿದೊಡನೆ ಎಂಜಿನ್ ಇಲ್ಲದೆ ತೇಲುತ್ತ ಇಳಿಯಬೇಕಾಗುತ್ತಿತ್ತು. ಆಗ ಅದು ಶತ್ರುವಿಗೆ ಸುಲಭವಾದ ಗುರಿಯಾಗುತ್ತಿತ್ತು.

ಎರಡರ ಗುಣಗಳನ್ನೂ ಒಂದೇ ವಿಮಾನದಲ್ಲಿ ಕೂಡಿಸಬಾರದೇಕೆ? ಇಂಗ್ಲೆಂಡಿನ ವೈಟ್ ದ್ವೀಪದ ಸಾಂಡರ್ಸ್-ರೋ ಸಂಸ್ಥೆಯ ಮುಖ್ಯ ವಿನ್ಯಾಸಕ ಮಾರಿಸ್ ಬ್ರೆನನ್ನರು ಕೈಗೊಂಡ ಮಾರ್ಗ ಇದೇ. ಅವರು ರೂಪಿಸಿದ ‘ಎಸ್.ಆರ್. 53’ ವಿಮಾನದಲ್ಲಿ ‘ಸ್ಪೆಕ್ಟರ್’ ಎಂಬ ರಾಕೆಟ್ಟೂ ‘ವೈಪರ್’ ಎಂಬ ಸಣ್ಣ ಜೆಟ್ ಎಂಜಿನ್ನೂ ಇದ್ದವು. ಏರುವುದಕ್ಕೆ ರಾಕೆಟ್ಟು, ಮರಳಿ ನೆಲೆಗೆ ಬರುವುದಕ್ಕೆ ಜೆಟ್ಟು. ರಾಕೆಟ್ಟಿನ ನೂಕುಬಲವು ಜೆಟ್ಟಿನದರ ಸುಮಾರು ಐದರಷ್ಟಿತ್ತು.

ರಾಕೆಟ್ಟಿನ ಆಮ್ಲಜನಕವು ದೊರೆಯುತ್ತಿದ್ದುದು ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವದಿಂದ. ಇದರ ಒಂದೊಂದು ಅಣುವಿನಲ್ಲಿಯೂ ನೀರಿನ ಅಣುವಿನಲ್ಲಿರುವುದಕ್ಕಿಂತ ಒಂದು ಆಮ್ಲಜನಕದ ಪರಮಾಣು ಹೆಚ್ಚಾಗಿರುತ್ತದೆ. ಸಾಂದ್ರವಾದ ಈ ದ್ರವವನ್ನು ಬೆಳ್ಳಿಯಂತಹ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಅದು ಕ್ಷಣಮಾತ್ರದಲ್ಲಿ ಒಡೆದು, ಅತಿಯಾಗಿ ಕಾದ ಹಬೆಯೂ ಆಮ್ಲಜನಕವೂ ಹೊರಬರುತ್ತವೆ. ಆ ಬಿಸಿಯಾದ ಆಮ್ಲಜನಕದಲ್ಲಿ ಸೀಮೆಎಣ್ಣೆಯು ಉರಿಯುತ್ತದೆ. ಆದರೆ ಕಲ್ಮಷವು ಸ್ವಲ್ಪ ಸೇರಿದರೂ ಈ ದ್ರವವು ಅಕಾಲದಲ್ಲಿ ಒಡೆಯಬಲ್ಲುದು. ಆದುದರಿಂದ ಇದನ್ನು ಬಹು ಎಚ್ಚರಿಕೆಯಿಂದ ಕಾಪಾಡಬೇಕು.

1957ರ ಮೇ 16ರಂದು ಬಾಸ್ಕೋಂಬ್ ಡೌನ್ ವಿಮಾನನೆಲೆಯಿಂದ ಜಾನ್ ಬೂತ್ ಎಂಬ ಪರೀಕ್ಷಾ ವಿಮಾನಿಯು ಎಸ್.ಆರ್. 53ನ್ನು ಮೊದಲ ಬಾರಿಗೆ ಹಾರಿಸಿದನು. ಮುಂದಿನ ಪರೀಕ್ಷೆಗಳಲ್ಲಿ ಅದು ಶಬ್ದದ ವೇಗವನ್ನೂ ಮೀರಿತು. ವಿನ್ಯಾಸಕರ ಲೆಕ್ಕದಂತೆ 50,000 ಅಡಿ, ಎಂದರೆ ಸುಮಾರು 15,000 ಮೀಟರ್, ಏರಲು ಅದಕ್ಕೆ ಎರಡೂಕಾಲು ನಿಮಿಷ ಸಾಕಾಗಿತ್ತು.

ಆದರೆ ಅದು ಹಾರುವ ವೇಳೆಗೆ ಪರಿಸ್ಥಿತಿಯೇ ಬದಲಾಗಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್, ಮುಂದೆ ಕ್ಷಿಪಣಿಗಳೇ ಪ್ರಧಾನವೆಂದು ಸಾರಿ, ಮಾನವಚಾಲಿತ ಯುದ್ಧವಿಮಾನಗಳ ಅನೇಕ ಯೋಜನೆಗಳನ್ನು ನಿಲ್ಲಿಸಿದ್ದರು. ಇತ್ತ ಜೆಟ್ ಎಂಜಿನುಗಳೂ ಸುಧಾರಿಸಿದವು. ಬಿಸಿ ಅನಿಲದಲ್ಲಿ ಮತ್ತೊಮ್ಮೆ ಇಂಧನವನ್ನು ಉರಿಸುವ ವ್ಯವಸ್ಥೆಯುಳ್ಳ ‘ಲೈಟ್ನಿಂಗ್’ ವಿಮಾನವು ರಾಕೆಟ್ಟಿನ ನೆರವಿಲ್ಲದೆಯೇ ವೇಗವಾಗಿ ಏರಬಲ್ಲುದಾಗಿದ್ದು, 1960ರಲ್ಲಿ ಸೇವೆಗೆ ಸೇರಿತು. ಶತ್ರುವನ್ನು ಹುಡುಕಲು ವಿಮಾನದೊಳಗೇ ರೇಡಾರ್ ಇರಬೇಕೆಂಬುದೂ ಸ್ಪಷ್ಟವಾಗಿತ್ತು, ಎಸ್.ಆರ್. 53ರಲ್ಲಿ ಅದು ಇರಲಿಲ್ಲ. ರೇಡಾರನ್ನು ಹೊರಬಲ್ಲ ದೊಡ್ಡ ‘ಎಸ್.ಆರ್. 177’ರ ಯೋಜನೆಯೂ ಕೈಬಿಟ್ಟುಹೋಯಿತು.

ನಿರ್ಮಿತವಾದ ಎಸ್.ಆರ್. 53ಗಳು ಎರಡೇ. 1958ರ ಜೂನಿನಲ್ಲಿ ಎರಡನೆಯದು ಮೇಲೇರಲಾರದೆ ಓಟದ ಹಾದಿಯನ್ನು ಮೀರಿ ನುಗ್ಗಿ ಒಡೆಯಿತು. ಜಾನ್ ಬೂತ್ ಪ್ರಾಣವನ್ನು ಕಳೆದುಕೊಂಡನು. ತನಗೆ ಒಡ್ಡಿದ ಪ್ರಶ್ನೆಗೆ ಯಂತ್ರವು ತಕ್ಕ ಉತ್ತರವನ್ನು ಕೊಟ್ಟಿತ್ತು. ಆದರೆ ಯಂತ್ರವು ಸಿದ್ಧವಾಗುವಷ್ಟರಲ್ಲಿ ಪ್ರಶ್ನೆಯೇ ಬೇರೆಯಾಗಿತ್ತು.

ಅದರ ಅಂಗಗಳೆಲ್ಲವೂ ವ್ಯರ್ಥವಾಗಲಿಲ್ಲ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು 1964ರಲ್ಲಿ ಮೊದಲು ಹಾರಿದ ‘ಕಿರಣ್’ ತರಬೇತಿ ವಿಮಾನಕ್ಕೆ ಬಲವನ್ನಿತ್ತುದು ಈ ವೈಪರ್ ವಂಶದ ಎಂಜಿನ್ನೇ. ಉಳಿದ ಒಂದು ಎಸ್.ಆರ್. 53 ಇಂಗ್ಲೆಂಡಿನ ಕಾಸ್‌ಫರ್ಡ್ ವಿಮಾನ ಸಂಗ್ರಹಾಲಯದಲ್ಲಿದೆ.