ಸೀಸೆಯ ಮೇಲೆ ಊರಿನ ಹೆಸರು

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳಿಗೆ ಹೆಸರಾದ ಊರು. ಕೃಷ್ಣೆಗೂ ಭೀಮೆಗೂ ನಡುವಿನ ಈ ಸೀಮೆಯಲ್ಲಿ ಹತ್ತಿ, ತೊಗರಿ ಬೆಳೆಯುತ್ತಾರೆ; ಕಾಲುವೆ ನೀರು ಹರಿದಲ್ಲಿ ಭತ್ತ. ದ್ರಾಕ್ಷಿ ಪಡ ನೋಡಬೇಕೆಂದರೆ ಪಕ್ಕದ ವಿಜಯಪುರ ಜಿಲ್ಲೆಗೆ, ತಿಕೋಟಾ, ಬಬಲೇಶ್ವರದ ಕಡೆಗೆ ಹೋಗಬೇಕು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಈಗ ಬೆಂಗಳೂರಿನ ಗಿರಾಕಿಯೂ ಊರಿನ ಹೆಸರು ಹೇಳಿಯೇ ಆ ಬೇಳೆಯನ್ನು ಕೇಳುತ್ತಾನೆ. ಅದೇ ಗಿರಾಕಿ ವೈನ್ ಕೊಳ್ಳುವಾಗ ಕಂಪನಿಯ ಹೆಸರು ನೋಡುತ್ತಾನೆ, ಬೆಲೆ ನೋಡುತ್ತಾನೆ. ದ್ರಾಕ್ಷಿ ಯಾವ ನೆಲದ್ದು ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದು ಈ ಲೇಖನದ ವಾದ. ಕರ್ನಾಟಕದ ವೈನ್ ಒಳ್ಳೆಯದಾಗುವುದೂ ಅದರ ಬೆಳೆಗಾರ ಉಳಿಯುವುದೂ ಈ ಪ್ರಶ್ನೆ ಕೇಳುವವರು ಎಷ್ಟು ಮಂದಿ ಎಂಬುದರ ಮೇಲೆ ನಿಂತಿದೆ.

ಇದಕ್ಕೆ ಸಾಕ್ಷಿ ಫ್ರಾನ್ಸ್‌ನಲ್ಲೇ ಇದೆ. ಫ್ರಾನ್ಸ್ ಎಂದೊಡನೆ ಬೋರ್ಡೊ, ಬರ್ಗಂಡಿ, ಷಾಂಪೇನ್ ನೆನಪಾಗುತ್ತವೆ. ಆ ಹೆಸರುಗಳಿಗೆ ಮಣ್ಣೇ ತಾನಾಗಿ ಕೀರ್ತಿ ತಂದಿತು ಎಂದು ನಾವು ನಂಬಿಬಿಟ್ಟಿದ್ದೇವೆ. 1907ರಲ್ಲಿ ಅದೇ ದೇಶದ ದಕ್ಷಿಣದ ಬೆಳೆಗಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದಿದ್ದರು. ಮಾರುಕಟ್ಟೆ ತುಂಬ ವೈನ್, ಜೊತೆಗೆ ಸಕ್ಕರೆ ನೀರು ಬೆರೆಸಿದ ನಕಲಿ ಮಾಲು. ದರ ಪಾತಾಳ ಕಂಡಿತ್ತು. ಕಲಬೆರಕೆಯ ವಿರುದ್ಧ ಕಾನೂನು ಬಿಗಿಯಾದದ್ದು ಆ ಸಿಟ್ಟಿನಿಂದ. 1935ರಲ್ಲಿ ಇನ್ನೊಂದು ಹೆಜ್ಜೆ: ಯಾವ ಸೀಮೆಯ ದ್ರಾಕ್ಷಿ, ಯಾವ ತಳಿ, ಎಕರೆಗೆ ಎಷ್ಟು ಇಳುವರಿ ಎಂಬ ಕಟ್ಟುಪಾಡಿಗೆ ಒಳಪಟ್ಟರೆ ಮಾತ್ರ ಊರಿನ ಹೆಸರನ್ನು ಸೀಸೆಯ ಮೇಲೆ ಹಾಕಬಹುದು ಎಂಬ ವ್ಯವಸ್ಥೆ ಬಂತು. 1936ರಲ್ಲಿ ಈ ಮನ್ನಣೆ ಪಡೆದ ಮೊದಲ ಹೆಸರುಗಳಲ್ಲಿ ಆರ್ಬುವಾ ಒಂದು. ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ, ಜ್ಯೂರಾ ಬೆಟ್ಟದ ಬುಡದ ಪುಟ್ಟ ಪಟ್ಟಣ ಅದು. ಲೂಯಿ ಪಾಶ್ಚರ್ ಬೆಳೆದ ಊರು. ಅಲ್ಲಿ ಸಾವಾನ್ಯಾಂ ಎಂಬ ತಳಿಯಿಂದ ಮಾಡುವ ಹಳದಿ ವೈನ್ ಕನಿಷ್ಠ ಆರು ವರ್ಷ ಮೂರು ತಿಂಗಳು ಮಾಗಬೇಕು, 62 ಸೆಂಟಿಲೀಟರಿನ ಗಿಡ್ಡ ಸೀಸೆಯಲ್ಲೇ ಮಾರಾಟವಾಗಬೇಕು. ದೊಡ್ಡ ಕಂಪನಿಯ ಲೆಕ್ಕಪತ್ರಕ್ಕೆ ಇದು ಒಗ್ಗುವ ಮಾತಲ್ಲ. ಆದರೂ ಆ ವೈನ್ ಉಳಿದಿದೆ. ಹೆಸರಿಗೆ ಕಾನೂನಿನ ಕಾವಲಿದೆ, ಆ ಹೆಸರು ಹಿಡಿದು ಬೆಳೆಗಾರನ ಬಾಗಿಲಿಗೇ ಬಂದು ಕೊಳ್ಳುವ ಗಿರಾಕಿ ಇದ್ದಾನೆ. ಕಾಓರ್, ಮಾದಿರಾಂ, ಸಾವುವಾ ಮೊದಲಾದ ಹೆಚ್ಚು ಜನ ಕೇಳದ ಸೀಮೆಗಳ ಬಲವೂ ಇದೇ.

ನಮ್ಮಲ್ಲಿ ಕಥೆ ಶುರುವಾದದ್ದು ಈಚೆಗೆ. 1988ರಲ್ಲಿ ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟಿತು. 90ರ ದಶಕದಲ್ಲಿ ಬೋರ್ಡೊದ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾಂ ಇಲ್ಲಿಗೆ ಬಂದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ವೈನ್ ಮಂಡಳಿ ಕಟ್ಟಿತು. ನಂದಿ, ಕೃಷ್ಣಾ, ಕಾವೇರಿ ಕಣಿವೆಗಳನ್ನು ದ್ರಾಕ್ಷಿ ಸೀಮೆಗಳೆಂದು ಗುರುತಿಸಿತು. ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳ ನಡುವೆ, ಹಂಪಿಯ ಹೆಸರು ಹೊತ್ತು, ಕೃಷ್ಮಾ ಎಂಬ ಸಣ್ಣ ಎಸ್ಟೇಟ್ ತಲೆಯೆತ್ತಿತು. ನಾಸಿಕದ ಸುಲಾ ಕಂಪನಿ 2017ರಲ್ಲಿ ಚನ್ನಪಟ್ಟಣದ ವೈನರಿಯನ್ನು ಕೊಂಡಿತು. ಅಂದರೆ ಮಾಡುವವರಿದ್ದಾರೆ, ನೀತಿಯೂ ಇದೆ. ಕಾಗದದ ಮೇಲಿರುವ ಕಣಿವೆಯ ಹೆಸರು ಮಾತ್ರ ಗಿರಾಕಿಯ ಬಾಯಿಗೆ ಬಂದಿಲ್ಲ.

ಹೆಸರು ಬಾರದಿದ್ದರೆ ರೈತನಿಗೇನು ನಷ್ಟ? ವಿಜಯಪುರದ ಬಹುಪಾಲು ಪಡಗಳಲ್ಲಿರುವುದು ಥಾಮ್ಸನ್ ಸೀಡ್‌ಲೆಸ್. ಅದಕ್ಕೆ ಹಲವು ದಾರಿಗಳಿವೆ. ತಿನ್ನುವ ಹಣ್ಣಾಗಿ ಮಾರಬಹುದು. ದರ ಬಿದ್ದರೆ ದ್ರಾವಣದಲ್ಲಿ ಅದ್ದಿ, ಶೆಡ್ಡಿನಲ್ಲಿ ಹರವಿ, ಸುಮಾರು ನಾಲ್ಕು ಕಿಲೊ ಹಸಿ ಹಣ್ಣಿಗೆ ಒಂದು ಕಿಲೊ ಮಣೂಕ ಮಾಡಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ತಾಸಗಾಂವ್‌ಗೋ ವಿಜಯಪುರದ ಮಾರುಕಟ್ಟೆಗೋ ಒಯ್ಯಬಹುದು. ವೈನ್ ತಳಿಗಳಿಗೆ ಈ ಸೌಕರ್ಯ ಇಲ್ಲ. ಕ್ಯಾಬರ್ನೆ, ಶಿರಾಜ್‌ನಂಥವುಗಳ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ಯಾರೂ ಕೊಳ್ಳರು, ಮಣೂಕಕ್ಕೂ ಒದಗದು. ಕೊಯ್ದ ಹಣ್ಣು ಬೇಗ ವೈನರಿ ಸೇರಬೇಕು. ವೈನರಿ ಬೇಡವೆಂದರೆ ಅದನ್ನು ಕೇಳುವವರಿಲ್ಲ. ಮಹಾರಾಷ್ಟ್ರದಲ್ಲಿ ನಡೆದದ್ದೂ ಇದೇ. 2001ರ ನೀತಿಯ ಉತ್ಸಾಹದಲ್ಲಿ ನಾಸಿಕದ ಸುತ್ತ ವೈನರಿಗಳು ಅಣಬೆಯಂತೆ ಎದ್ದವು. 2008ರ ಆರ್ಥಿಕ ಕುಸಿತ, ಆ ವರ್ಷದ ಮುಂಬೈ ದಾಳಿಯಿಂದ ಪ್ರವಾಸೋದ್ಯಮಕ್ಕೆ ಬಿದ್ದ ಪೆಟ್ಟು ಎರಡೂ ಸೇರಿ ಮಾರಾಟ ತಗ್ಗಿತು. ಹಲವು ವೈನರಿಗಳು ಮುಚ್ಚಿದವು, ರೈತರು ವೈನ್ ಬಳ್ಳಿಗಳನ್ನು ಬುಡಸಮೇತ ಕಿತ್ತರು. ಸೀಮೆಯ ಹೆಸರಿಗೆ ಬೆಲೆ ಇದ್ದಿದ್ದರೆ ಕುಸಿತವೇ ಆಗುತ್ತಿರಲಿಲ್ಲ ಎನ್ನಲಾರೆ. ಆದರೆ ಕಂಪನಿಯ ಹೆಸರೊಂದೇ ಇರುವಲ್ಲಿ ಕಂಪನಿ ತನ್ನ ಹಣ್ಣನ್ನು ಎಲ್ಲಿಂದ ಬೇಕಾದರೂ ತರಬಹುದು. ‘ಕೃಷ್ಣಾ ಕಣಿವೆ’ ಎಂದು ಬರೆದು ಮಾರುವವನು ಕೃಷ್ಣಾ ಕಣಿವೆಯ ರೈತನ ಹತ್ತಿರ ಬರಲೇಬೇಕು.

ಇದಕ್ಕೆ ಮೊದಲ ಆಕ್ಷೇಪ ರುಚಿಯದು. ದ್ರಾಕ್ಷಿಗೆ ಚಳಿ ಬೇಕು, ನಲವತ್ತು ಡಿಗ್ರಿ ಮುಟ್ಟುವ ನಾಡಿನಲ್ಲಿ ಎಂಥ ವೈನ್ ಎನ್ನುತ್ತಾರೆ. ಫ್ರಾನ್ಸ್‌ನಲ್ಲಿ ಬಳ್ಳಿ ಚಳಿಗಾಲ ಪೂರ್ತಿ ನಿದ್ರಿಸುತ್ತದೆ, ಶರತ್ಕಾಲದ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಅದಕ್ಕೇ ಇಲ್ಲಿಯ ಬೆಳೆಗಾರ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾನೆ, ಅಂದರೆ ಬಳ್ಳಿ ಸವರುತ್ತಾನೆ: ಏಪ್ರಿಲ್‌ನಲ್ಲಿ ಕಡ್ಡಿ ಬಲಿಯಲೆಂದು, ಅಕ್ಟೋಬರಿನ ಸುಮಾರಿಗೆ ಹಣ್ಣು ಬಿಡಲೆಂದು. ಹಣ್ಣು ಮಾಗುವುದು ಜನವರಿ, ಫೆಬ್ರವರಿಯ ಒಣಹವೆಯಲ್ಲಿ, ಹಗಲು ಬಿಸಿಲು, ರಾತ್ರಿ ತಂಪು ಇರುವಾಗ. ಸುಡುವ ಬೇಸಿಗೆ ಬರುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ದ್ರಾಕ್ಷಿಗೆ ಇಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಅಕಾಲಿಕ ಮಳೆ, ಅದರ ಬೆನ್ನಿಗೆ ಬರುವ ಡೌನಿ ರೋಗ. ಇಲ್ಲಿಯ ವೈನ್ ಬೋರ್ಡೊದಂತಿಲ್ಲ ಎಂಬುದು ನಿಜ, ಇರಬೇಕಾಗಿಯೂ ಇಲ್ಲ. ಆರ್ಬುವಾದ ವೈನೂ ಬೋರ್ಡೊದಂತಿಲ್ಲ. ಹಾಗೆಂದು ನಮ್ಮ ವೈನೆಲ್ಲ ಚೆನ್ನಾಗಿದೆ ಎಂದು ಬೆನ್ನು ತಟ್ಟುವುದೂ ಸರಿಯಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕ ಇದೆ. ತಿನ್ನಲು, ರಸಕ್ಕೆ ಸೊಗಸಾದ ಹಣ್ಣು. ಅದರಿಂದ ಮಾಡಿ ಸಕ್ಕರೆ ತುಂಬಿದ ‘ಪೋರ್ಟ್’ ಕುಡಿದವರು ವೈನ್ ಎಂದರೆ ಇಷ್ಟೇ ಎಂದು ಕೈಬಿಟ್ಟದ್ದುಂಟು. ಒಂದು ಸೀಮೆಯ ವೈನಿಗೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕುವ ಗಿರಾಕಿ ಬಂದಾಗಲೇ ಮಾಡುವವನಿಗೂ ಸಕ್ಕರೆಯ ಆಸರೆ ಬಿಡುವ ಧೈರ್ಯ ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಇದೆಲ್ಲ ಕುಡಿತಕ್ಕೆ ಹೂಮಾಲೆ ಹಾಕಿದಂತಲ್ಲವೇ? ಮದ್ಯ ಎಷ್ಟು ಮನೆ ಮುರಿದಿದೆ ಎಂದು ಕಲ್ಯಾಣ ಕರ್ನಾಟಕದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಸಾವಿರಾರು ಹೆಂಗಸರಲ್ಲಿ ರಾಯಚೂರು ಸೀಮೆಯವರೂ ಇದ್ದರು. ಸಂವಿಧಾನದ 47ನೇ ವಿಧಿಯೂ ಅವರ ಕಡೆಗಿದೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ವೈನನ್ನು ಅದು ಹೊರಗಿಟ್ಟಿಲ್ಲ. ಆದ್ದರಿಂದ ‘ವೈನ್ ಹಣ್ಣಿನ ರಸ, ಹೃದಯಕ್ಕೆ ಒಳ್ಳೆಯದು’ ಎಂದು ರೈತನ ಹೆಸರಿನಲ್ಲಿ ನಡೆಯುವ ಪ್ರಚಾರವನ್ನು ಒಪ್ಪಲಾಗದು. ಕುಡಿಯದವರು ಕುಡಿಯಲು ಶುರು ಮಾಡಲಿ ಎಂಬುದು ಇಲ್ಲಿಯ ವಾದವಲ್ಲ. ಈಗಾಗಲೇ ಕೊಳ್ಳುವವರಿಗೆ ಸೇರಿದ ಮಾತು ಇದು: ಅದೇ ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ವಿಚಾರಿಸಿ. ಊರು, ತಳಿ, ವರ್ಷ ವಿಚಾರಿಸಿ ಕೊಳ್ಳುವವನು ಸಾಮಾನ್ಯವಾಗಿ ಕಡಿಮೆ ಕೊಳ್ಳುತ್ತಾನೆ ಎಂಬುದು ನನ್ನ ಅಂದಾಜು. ಆದರೆ ಆ ಅಂದಾಜನ್ನು ವಾದದ ಆಧಾರವಾಗಿ ಮುಂದಿಡುವುದಿಲ್ಲ.

ಬೆಲೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಸಣ್ಣ ಎಸ್ಟೇಟಿನ ವೈನ್ ದುಬಾರಿ ನಿಜ. ಆದರೆ ಆಮದು ವೈನಿನ ಮೇಲೆ ಬಹುಕಾಲ ಇದ್ದ ಶೇ. 150ರ ಸುಂಕದ ಗೋಡೆ ಈಗ ಬಿರುಕು ಬಿಡುತ್ತಿದೆ. ಆಸ್ಟ್ರೇಲಿಯಾದ ಜೊತೆ 2022ರಲ್ಲಿ ಆದ ಒಪ್ಪಂದ ಅದರ ಆರಂಭ. ಅಗ್ಗದ ಆಮದಿನೊಂದಿಗೆ ಬೆಲೆಯಲ್ಲಿ ಸೆಣಸಲು ನಮ್ಮ ಸಣ್ಣ ವೈನರಿಗೆ ಆಗದು. ಅದರ ಬಳಿ ಬೇರೆಯವರಿಗಿಲ್ಲದ ಒಂದೇ ಒಂದು ಬಂಡವಾಳವಿದೆ, ಅದು ಅದರ ನೆಲ.

ಕೊಳ್ಳುವವರು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮುಂದಿನ ಲೇಬಲ್‌ನ ಚಿತ್ರ ಬಿಟ್ಟು ಹಿಂದಿನದನ್ನು ಓದಿ: ತಳಿ ಯಾವುದು, ವರ್ಷ ಯಾವುದು, ತಯಾರಿಸಿದ ವೈನರಿ ಯಾವ ಊರಿನದು. ದ್ರಾಕ್ಷಿ ಬೆಳೆದ ಜಿಲ್ಲೆ ಬರೆದಿದ್ದರೆ ಅದಕ್ಕೆ ಆದ್ಯತೆ ಕೊಡಿ. ದೊಡ್ಡಬಳ್ಳಾಪುರದಲ್ಲಿ, ಚನ್ನಪಟ್ಟಣದಲ್ಲಿ ವೈನರಿಗೇ ಹೋಗಿ ರುಚಿ ನೋಡಿ ಕೊಳ್ಳುವ ಅನುಕೂಲ ಇದೆ. ಕೊಯ್ಲಿನ ಫೆಬ್ರವರಿಯಲ್ಲಿ ಹೋದರೆ ಹಣ್ಣು ಒಳಗೆ ಬರುವುದನ್ನೂ ಕಾಣಬಹುದು. ಯಾದಗಿರಿ, ಶಹಾಪುರ, ಸುರಪುರದಂಥ ಬಿಸಿಲೂರಿನವರು ಇನ್ನೊಂದು ಎಚ್ಚರ ವಹಿಸಬೇಕು: ವೈನ್ ಸೆಕೆಗೆ ಬೇಗ ಕೆಡುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ನಿಂತ ಸೀಸೆ ಎಷ್ಟೇ ಹೆಸರುವಾಸಿ ಇದ್ದರೂ ಬೇಡ, ಬಿಳಿ ವೈನಾದರೆ ಹಳೆಯ ವರ್ಷದ್ದು ಬೇಡ, ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ದೂರ ಒಯ್ಯುವುದು ಬೇಡ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಲೇಬಲ್‌ನಲ್ಲಿ ಜಿಲ್ಲೆಯ ಹೆಸರಿಲ್ಲದಿದ್ದರೆ ವೈನರಿಗೆ ಒಂದು ಸಾಲು ಬರೆದು ಕೇಳಿ. ದ್ರಾಕ್ಷಿ ಬೆಳೆದ ಜಿಲ್ಲೆಯನ್ನು ಪ್ರತಿ ಸೀಸೆಯ ಮೇಲೂ ಕನ್ನಡದಲ್ಲಿ ಅಚ್ಚು ಹಾಕಿಸುವ ಕೆಲಸವನ್ನು ರಾಜ್ಯದ ವೈನ್ ಮಂಡಳಿ ಮುಂದಿನ ಕೊಯ್ಲಿನೊಳಗೆ ಕೈಗೆತ್ತಿಕೊಳ್ಳಬೇಕು.